ಕೈ ನೋಡಿ ಬಳೆ ಇಡಿಸುವಾಕೆ

ದೇವದುರ್ಗದ ಕಡೆ ಬಳೆ ಇಡಿಸುವವರು ಗಿರಾಕಿಯ ಕೈ ನೋಡುವುದಿಲ್ಲ, ಮುಖ ನೋಡುತ್ತಾರೆ. ಬಿಸ್ಮಿಲ್ಲಾ ಬೀ ತನ್ನ ಸೊಸೆ ರಂಜಾನಬಿಗೆ ಮದುವೆಯಾದ ವರ್ಷವೇ ಇದನ್ನು ಕಲಿಸಿದ್ದಳು. ಎದುರು ಕೂತ ಹೆಂಗಸಿನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಹೆಬ್ಬೆರಳನ್ನು ಒಳಕ್ಕೆ ಮಡಚಬೇಕು, ಗೆಣ್ಣುಗಳನ್ನು ಹಿಟ್ಟು ನಾದಿದ ಹಾಗೆ ನಾದಿ ಮೆತ್ತಗೆ ಮಾಡಬೇಕು, ಆಮೇಲೆ ಗಾಜನ್ನು ಒಂದೊಂದೇ ಗೆಣ್ಣು ದಾಟಿಸಬೇಕು. ಅಷ್ಟು ಹೊತ್ತೂ ಬೆರಳಿನ ಪಾಡಿಗೆ ಬೆರಳನ್ನು ಬಿಟ್ಟು, ಆಕೆಯ ಮುಖ ನೋಡುತ್ತ, ತವರಿನ ಸುದ್ದಿ, ಎಮ್ಮೆ ಈದ ಸುದ್ದಿ ಕೇಳುತ್ತಿರಬೇಕು. ಆಕೆಯ ಹುಬ್ಬು ಒಂದು ಎಳೆ ಮೇಲೆದ್ದರೆ ಸಾಕು, ಬೆರಳು ತಾನಾಗಿ ನಿಲ್ಲಬೇಕು. ಡಜನ್ ಮುಗಿದ ಮೇಲೆ ಒಂದು ಕೊಸರು ಬಳೆ ಇಡಿಸಿ ಕೈ ಬಿಟ್ಟರೆ, ಆಕೆ ಬಗ್ಗಿ ಬಳೆಗಾರ್ತಿಯ ಕಾಲಿಗೆ ನಮಸ್ಕರಿಸುತ್ತಾಳೆ. ಮನೆಯಲ್ಲಿ ದಖನಿ ಮಾತಾಡುವ ಬಿಸ್ಮಿಲ್ಲಾ ಬೀ ಆಗ ಅಪ್ಪಟ ಕನ್ನಡದಲ್ಲಿ, "ಹಸರ ಬಳಿ ಹಸರಾಗೇ ಇರಲಿ, ಯವ್ವಾ" ಎಂದು ಹರಸುತ್ತಿದ್ದಳು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅತ್ತೆ ಸೊಸೆ ಇಬ್ಬರೂ ಹತ್ತಿರದ ಊರು ಗೂಗಲ್‌ನ ಒಂದು ಮದುವೆ ಮನೆಗೆ ಹೋಗಿದ್ದರು. ಮದುಮಗಳಿಗೆ ಬಳೆ ಇಡಿಸುವ ಕೆಲಸ ರಂಜಾನಬಿಯ ಪಾಲಿಗೆ ಬಂತು. ಆಗ ಅವಳಿಗೆ ಇಪ್ಪತ್ತಾರು ವರ್ಷ. ಚಪ್ಪರದ ಕೆಳಗೆ ಹೆಂಗಸರು ಸುತ್ತುಗಟ್ಟಿ ಕೂತು ಮದುಮಗನ ಮೀಸೆಯ ಬಗ್ಗೆ ಮಾತಾಡಿ ನಗುತ್ತಿದ್ದರು. ಏಳನೆಯ ಬಳೆ ಗೆಣ್ಣಿನ ಹತ್ತಿರ ಚಟ್ಟೆಂದು ಒಡೆಯಿತು. ಅದೇನೂ ದೊಡ್ಡ ಮಾತಲ್ಲ, ಗಾಜು ಅಂದ ಮೇಲೆ ಒಡೆಯುತ್ತದೆ. ಆದರೆ ಹಸಿರು ಬಳೆಗಳ ಮೇಲೆ ಕೆಂಪು ಇಳಿಯತೊಡಗಿತು.

"ಅಯ್ಯಯ್ಯ, ಹುಡುಗಿ ಕೈ ಕೊಯ್ತಲ್ಲಬೇ!" ಎಂದು ಯಾರೋ ಕೂಗಿದರು.

ನೀರು ತಂದರು, ಅರಿಶಿನ ತಂದರು. ಒರೆಸಿ ನೋಡಿದರೆ ಮದುಮಗಳ ಕೈಯಲ್ಲಿ ಒಂದು ಗೀರೂ ಇರಲಿಲ್ಲ. "ನನಗೇನೂ ಆಗಿಲ್ಲಬೇ" ಎಂದು ಹುಡುಗಿ ಬೆರಗಾಗಿ ಹೇಳಿದಳು. ಎಲ್ಲರೂ ರಕ್ತ ಎಲ್ಲಿಂದ ಬಂತೆಂದು ಹುಡುಕುತ್ತಿರುವಾಗ ಬಿಸ್ಮಿಲ್ಲಾ ಬೀಯ ಕಣ್ಣು ಸೊಸೆಯ ಬಲಗೈ ಮೇಲೆ ಬಿತ್ತು. ಕಿರುಬೆರಳಿನ ಬುಡದಲ್ಲಿ, ಅಂಗೈಯ ಅಂಚಿನಲ್ಲಿ, ಉಗುರಿನಷ್ಟುದ್ದ ಗಾಜಿನ ಚೂರು ನೆಟ್ಟಿತ್ತು. ರಂಜಾನಬಿ ಇನ್ನೂ ಮದುಮಗಳ ಮುಖವನ್ನೇ ನೋಡುತ್ತ ಕೂತಿದ್ದಳು. ತನ್ನ ಕೈಯ ಸುದ್ದಿ ಅವಳಿಗೇ ತಿಳಿದಿರಲಿಲ್ಲ.

ಬಿಸ್ಮಿಲ್ಲಾ ಬೀ ಸೆರಗಿನಿಂದ ಆ ಕೈಯನ್ನು ಮುಚ್ಚಿ, "ನನ್ನ ಸೊಸಿದು ಕೊಯ್ತರಿ, ಅಷ್ಟ" ಎಂದು ನಕ್ಕು ಉಳಿದ ಬಳೆಗಳನ್ನು ತಾನೇ ಇಡಿಸಿದಳು. ಮನೆಗೆ ಬಂದು ಬಾಗಿಲು ಹಾಕಿ, ಒಲೆಯಿಂದ ಬಿಸಿ ಇಕ್ಕಳ ತಂದು ಸೊಸೆಯ ಕಿರುಬೆರಳಿಗೆ ಸೋಕಿಸಿದಳು. ರಂಜಾನಬಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮುದುಕಿಗೆ ತನ್ನ ಚಿಕ್ಕಮ್ಮ ನೆನಪಾದಳು. ಆಕೆಯನ್ನು ಇದೇ ಬೇನೆಗೆ ಊರಾಚೆ ಗುಡಿಸಲು ಹಾಕಿ ಕೂರಿಸಿದ್ದರು, ರೊಟ್ಟಿಯನ್ನು ದೂರದಿಂದ ಎಸೆಯುತ್ತಿದ್ದರು.

"ಕಿಸೀಕೂ ನಕ್ಕೋ ಬೋಲ್" ಎಂದಳು ಬಿಸ್ಮಿಲ್ಲಾ ಬೀ. ಯಾರಿಗೂ ಹೇಳಬೇಡ. ಮತ್ತೆ ಮತ್ತೆ ಅದನ್ನೇ ಹೇಳಿದಳು.

ಕುಷ್ಠಕ್ಕೆ ಊರಿನ ಮಾತಿನಲ್ಲಿ ದೊಡ್ಡ ಬೇನೆ ಎಂದು ಹೆಸರು. ಹೇಳಿದರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪರರ ಕೈ ಹಿಡಿದು ಬದುಕುವ ಕಸುಬು ಅವರದು. ದೊಡ್ಡ ಬೇನೆಯವಳ ಕೈಗೆ ಯಾವ ಹೆಂಗಸು ತನ್ನ ಕೈ ಕೊಟ್ಟಾಳು? ರಂಜಾನಬಿಯ ಗಂಡ ಮೀರಾಹುಸೇನ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಸುದ್ದಿ ತಿಳಿದ ಮೇಲೆ, ವಾರಕ್ಕೊಮ್ಮೆ ಬರುತ್ತಿದ್ದವನು ತಿಂಗಳಿಗೊಮ್ಮೆ ಬಂದ, ಆಮೇಲೆ ಹಬ್ಬಕ್ಕೆ ಬಂದ, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು ಹೆಂಗಸರು ಮತ್ತು ಗೋಡೆಗೆ ತೂಗುಹಾಕಿದ, ಬಳೆ ಪೋಣಿಸಿದ ಮಲಾರ.

ರಾಯಚೂರಿನ ದವಾಖಾನೆಗೆ ಅತ್ತೆಯೇ ಕರೆದುಕೊಂಡು ಹೋದಳು. ಊರವರಿಗೆ ಹೊಸ ಬಳೆ ತರಲು ಹೋಗುತ್ತೇವೆ ಎಂದು ಹೇಳಿದ್ದಾಯಿತು. ಡಾಕ್ಟರು ಬಿಳಿ ಗುಳಿಗೆ ಕೊಟ್ಟು, ವರ್ಷಗಟ್ಟಲೆ ತಪ್ಪದೆ ತಿನ್ನಬೇಕು ಎಂದು ಹೇಳಿ, ಪಡಸಾಲೆಯ ಕೊನೆಯ ಕೋಣೆಗೆ ಕಳಿಸಿದರು. ಅಲ್ಲಿ ಒಂದು ಬೆಂಚು, ನೀರು ತುಂಬಿದ ಬೋಗುಣಿಗಳು, ಕುಸುಬಿ ಎಣ್ಣೆಯ ಸೀಸೆ, ಮತ್ತು ಮಾನ್ವಿಯ ಗುರುಶಾಂತಮ್ಮ ಇದ್ದರು. ಸೋತ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಿ ಮತ್ತೆ ಕೆಲಸಕ್ಕೆ ತರುವುದು ಅವರ ಉದ್ಯೋಗ. ರಂಜಾನಬಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಮದುವೆಯಾಗಿರಲಿಲ್ಲ. ಕೈಗೆ ಬಳೆಯಿಲ್ಲ, ಎಡ ಮಣಿಕಟ್ಟಿಗೆ ಗಂಡಸರ ಗಡಿಯಾರ. ಬಳೆಗಾರ್ತಿಯ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಗುರುಶಾಂತಮ್ಮ ಕೈ ಚಾಚಿದಾಗ ರಂಜಾನಬಿ ಹಿಂದೆ ಸರಿದಳು.

"ಮುಟ್ಟಬ್ಯಾಡ್ರಿ ಅಕ್ಕೋರ."

"ಮುಟ್ಟಲಾರದ ಹೆಂಗ ನೋಡ್ಲಿ? ದೂರ ನಿಂತು ಕೈ ಮುಗಿಯಾಕ ಇದೇನು ಗುಡಿ ಏನು?"

ಕಣ್ಣು ಮುಚ್ಚಲು ಹೇಳಿ, ಬಾಲ್ ಪೆನ್ನಿನ ತುದಿಯಿಂದ ಅಂಗೈಯನ್ನು ಅಲ್ಲಲ್ಲಿ ಮುಟ್ಟಿ, ಎಲ್ಲಿ ಮುಟ್ಟಿದೆ ತೋರಿಸು ಎಂದರು. ರಂಜಾನಬಿ ಕೆಲವು ಸಲ ತೋರಿಸಿದಳು, ಕೆಲವು ಸಲ ಸುಮ್ಮನೆ ಕಾಯುತ್ತ ಕೂತಳು. ಕಣ್ಣು ತೆರೆದಾಗ ಅಂಗೈ ಮೇಲೆ ನೀಲಿ ಶಾಯಿಯ ಗೆರೆಯೊಂದಿತ್ತು. ಉಂಗುರದ ಬೆರಳಿನ ನಡುವಿನಿಂದ ಹೊರಟು ಮಣಿಕಟ್ಟಿನವರೆಗೆ ಅದು ಹೊಲದ ಬದುವಿನ ಹಾಗೆ ಇಳಿದಿತ್ತು.

"ಈ ಗೆರಿ ಈಚಿ ಕಡಿ ನಿಂದು. ಆಚಿ ಕಡಿ ಇನ್ನ ಮುಂದ ಕಣ್ಣಿಗೆ ಸೇರಿದ್ದು. ಕಾಯಬೇಕು ನೀ, ದಿನಾ. ಏನು ಕೆಲಸ ಮಾಡ್ತಿ?"

"ಬಳಿ ಇಡಸ್ತೀನ್ರಿ."

ಗುರುಶಾಂತಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಬೇರೆ ಕಸುಬು ನೋಡಿಕೋ ಎನ್ನುತ್ತಾರೆ ಎಂದು ಅತ್ತೆ ಸೊಸೆ ಇಬ್ಬರೂ ಉಸಿರು ಹಿಡಿದು ಕೂತರು.

"ಮುಂದಿನ ಗುರುವಾರ ಬರೂ ಮುಂದ ಎರಡು ಡಜನ್ ಬಳಿ ತಗೊಂಡು ಬಾ" ಎಂದರು ಗುರುಶಾಂತಮ್ಮ. "ಹೆಂಗ ಇಡಸ್ತೀ ನೋಡೂಣು."

ಮುಂದಿನ ಗುರುವಾರ ರಂಜಾನಬಿ ಬಳೆ ತಂದಳು. ಯಾರಿಗೆ ಇಡಿಸಿ ತೋರಿಸಲಿ ಎಂದು ಕೇಳಿದಳು. ಗುರುಶಾಂತಮ್ಮ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ತಮ್ಮ ಕೈಯನ್ನೇ ಮುಂದೆ ಮಾಡಿದರು. ಗೂಗಲ್‌ನ ಆ ಮದುವೆಯಾದ ಮೇಲೆ ರಂಜಾನಬಿಗೆ ಯಾರೂ ಕೊಡದ ಕೈ, ಅವಳೇ ಯಾರಿಂದಲೂ ಕೇಳಲಾರದೆ ಹೋಗಿದ್ದ ಕೈ. ಮೊದಲ ಬಳೆ ಒಡೆಯಿತು, ಎರಡನೆಯದೂ ಒಡೆಯಿತು. ಗುರುಶಾಂತಮ್ಮನ ಮಣಿಕಟ್ಟಿನ ಮೇಲೆ ಎರಡು ಸಣ್ಣ ಗೀರುಗಳು ಮೂಡಿದವು.

"ನೀ ನನ್ನ ಮುಖ ಯಾಕ ನೋಡ್ತಿ?"

"ಮುಖ ನೋಡಿದ್ರ ನೋವು ತಿಳೀತದರಿ."

"ನೋವಾದ ಮ್ಯಾಲೆ ತಿಳೀತದ. ಕೈ ನೋಡು, ಆಗೂಕಿಂತ ಮದ್ಲ ತಿಳೀತದ."

ಅಷ್ಟು ಸಣ್ಣ ಮಾತು. ಆದರೆ ಹತ್ತು ವರ್ಷ ಬೆರಳಿಗೆ ಬಿಟ್ಟುಕೊಟ್ಟ ಕೆಲಸವನ್ನು ಕಣ್ಣಿಗೆ ಒಪ್ಪಿಸುವುದೆಂದರೆ ನಡೆಯುವುದನ್ನು ಮತ್ತೆ ಮೊದಲಿಂದ ಕಲಿತ ಹಾಗೆ. ಎಷ್ಟೋ ಗುರುವಾರಗಳು ಅದರಲ್ಲೇ ಕಳೆದವು. ಮೊದಲು ನೀರಿನಲ್ಲಿ ಕೈ ನೆನೆಸುವುದು, ಎಣ್ಣೆ ಸವರುವುದು, ಬಾಗಲು ಹೊರಟಿದ್ದ ಎರಡು ಬೆರಳುಗಳನ್ನು ತೊಡೆಯ ಮೇಲಿಟ್ಟು ನೂರು ಸಲ ನೇರ ಮಾಡುವುದು. ಆಮೇಲೆ ಗುರುಶಾಂತಮ್ಮನ ಕೈ. ಒತ್ತುವ ಭಾರವನ್ನು ಕಿರುಬೆರಳಿನ ಕಡೆಯಿಂದ ಹೆಬ್ಬೆರಳಿನ ಕಡೆಗೆ ತಂದದ್ದು, ಬಳೆಯನ್ನು ನೇರ ತಳ್ಳದೆ ತಿರುಗಿಸುತ್ತ ಏರಿಸಿದ್ದು, ಚರ್ಮ ಬೆಳ್ಳಗಾದರೆ ನಿಲ್ಲಿಸಬೇಕೆಂದು ಗುರುತಿಟ್ಟದ್ದು, ಎಲ್ಲವನ್ನೂ ಇಬ್ಬರೂ ಕೂಡಿ ಕಂಡುಹಿಡಿದರು. ಗುರುಶಾಂತಮ್ಮ ಇಡಿಸಿಕೊಂಡ ಬಳೆಗಳನ್ನು ಕೊನೆಗೆ ಒಂದೊಂದಾಗಿ ತೆಗೆಸಿ ವಾಪಸು ಕೊಡುತ್ತಿದ್ದರು. "ಇರಲಿ ಬಿಡ್ರಿ ಅಕ್ಕೋರ, ಚಂದ ಕಾಣ್ತಾವ" ಎಂದರೆ, "ದಿನಕ್ಕ ನಲವತ್ತು ಕೈ ತಿಕ್ಕಾಕಿಗೆ ಬಳಿ ಯಾಕಬೇ, ಮಂದಿ ಗಾಯಕ್ಕ ತಾಗ್ತಾವ" ಎನ್ನುತ್ತಿದ್ದರು.

ಒಂದು ಗುರುವಾರ ಎರಡು ಡಜನ್ ಬಳೆಗಳೂ ಒಂದೂ ಒಡೆಯದೆ ಏರಿದವು. ರಂಜಾನಬಿ ಕೈ ಬಿಡುವುದನ್ನೇ ಮರೆತು ಅಳುತ್ತ ಕೂತಳು. ಗುರುಶಾಂತಮ್ಮ, "ಅಳೂದು ಆಮ್ಯಾಲ ಅಳು, ಕೊಸರು ಎಲ್ಲಿ?" ಎಂದರು.

ಊರಿನಲ್ಲಿ ಅವಳ ಹೊಸ ಪದ್ಧತಿಯನ್ನು ಕಂಡು ಹೆಂಗಸರು ನಕ್ಕರು. "ಏನಬೇ ರಂಜಾನಬಿ, ಬಳಿ ಇಡಸ್ತಿಯೋ ನನ್ನ ಹಣೇಬರ ಓದ್ತಿಯೋ?" ಎಂದು ಬೂದೆಮ್ಮ ಛೇಡಿಸಿದಳು. ಬೂದೆಮ್ಮ ದೊಡ್ಡ ಒಕ್ಕಲುತನದ ಮನೆಯ ಯಜಮಾನಿ, ಓಣಿಯಲ್ಲಿ ಅವಳು ಹೂಂ ಅಂದರೆ ಉಳಿದವರೂ ಹೂಂ ಅನ್ನುತ್ತಿದ್ದರು. "ಕೈ ಸುಳ್ಳ ಹೇಳಂಗಿಲ್ಲರಿ, ಮುಖ ಹೇಳ್ತದ" ಎಂದು ರಂಜಾನಬಿ ತಲೆ ಎತ್ತದೆ ಉತ್ತರ ಕೊಟ್ಟಳು. ವರ್ಷಗಳು ಕಳೆದ ಹಾಗೆ ನಗು ಹೋಗಿ ನಂಬಿಕೆ ಬಂತು. ಬಾಣಂತಿಯರು, ಎಳೆಯ ಹುಡುಗಿಯರು, ಸಂಧಿವಾತದ ಮುದುಕಿಯರು ಅವಳನ್ನೇ ಕರೆಸಿದರು. ರಂಜಾನಬಿ ಇಡಿಸಿದರೆ ನೋಯುವುದಿಲ್ಲ ಎಂಬ ಮಾತು ಅರಕೇರಾದವರೆಗೂ ಹೋಯಿತು. ಬೂದೆಮ್ಮನ ಹೆಣ್ಣುಮಕ್ಕಳ ಮದುವೆಯ ಬಳೆಗಳನ್ನೆಲ್ಲ ಅವಳೇ ಇಡಿಸಿದಳು.

ನಾಲ್ಕನೆಯ ವರ್ಷ ಡಾಕ್ಟರು ಬೇನೆ ಮೈಯಿಂದ ಹೋಗಿದೆ, ಇವಳಿಂದ ಯಾರಿಗೂ ಹರಡುವುದಿಲ್ಲ ಎಂದು ಬರೆದುಕೊಟ್ಟರು. ಸತ್ತ ಸ್ಪರ್ಶ ಮಾತ್ರ ಹಿಂದಕ್ಕೆ ಬರಲಿಲ್ಲ. ಆ ದಿನ ಅವಳು ಗುರುಶಾಂತಮ್ಮನನ್ನು ಕೇಳಿದಳು.

"ಇನ್ನ ಮಂದಿಗೆ ಹೇಳಬಹುದೇನ್ರಿ ಅಕ್ಕೋರ?"

"ಹೇಳೂದು ಬಿಡೂದು ನಿನ್ನ ಕೈಯಾಗದ. ನಾ ಮಾತ್ರ ಹೇಳಂಗಿಲ್ಲ."

ಅವಳು ಹೇಳಲಿಲ್ಲ.

ಆ ಹೊತ್ತಿಗೆ ಗುರುಶಾಂತಮ್ಮ ತಿಂಗಳ ಮೊದಲ ಗುರುವಾರ ದವಾಖಾನೆಯ ಜೀಪಿನಲ್ಲಿ ದೇವದುರ್ಗಕ್ಕೇ ಬರತೊಡಗಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಬೇವಿನ ಮರದ ಕೆಳಗೆ ಗುಳಿಗೆ ಹಂಚುವವರೊಬ್ಬರು, ಕೈಕಾಲು ನೋಡುವ ಗುರುಶಾಂತಮ್ಮ, ಮಣ್ಣಿನಲ್ಲಿ ಸಾಲಾಗಿ ಕೂತ ಹತ್ತು ಹನ್ನೆರಡು ಮಂದಿ. ರಂಜಾನಬಿ ಆ ಮರದ ಕಡೆ ಒಮ್ಮೆಯೂ ಹೋಗಲಿಲ್ಲ. ಕೈ ತೋರಿಸುವುದಿದ್ದರೆ ಎರಡು ತಾಸು ಬಸ್ಸಿನಲ್ಲಿ ಕೂತು ರಾಯಚೂರಿಗೇ ಹೋಗುತ್ತಿದ್ದಳು. ಒಂದು ಸಲ ಸಂತೆಯ ದಾರಿಯಲ್ಲಿ, ಬೂದೆಮ್ಮನ ಜೊತೆ ನಿಂತಿದ್ದಾಗ, ಎದುರಿನಿಂದ ಗುರುಶಾಂತಮ್ಮ ಬೋಗುಣಿ ಹಿಡಿದು ಬರುವುದು ಕಂಡಿತು. ರಂಜಾನಬಿ ಮುಖ ತಿರುಗಿಸುವುದರೊಳಗೆ ಗುರುಶಾಂತಮ್ಮನೇ ಮುಖ ತಿರುಗಿಸಿ, ಅಪರಿಚಿತಳ ಹಾಗೆ, ಸೊಪ್ಪಿನವಳ ಹತ್ತಿರ ಮೆಂತ್ಯದ ದರ ಕೇಳುತ್ತ ನಿಂತುಬಿಟ್ಟರು. ಆ ಮೆಂತ್ಯದ ದರ ರಂಜಾನಬಿಯ ಗಂಟಲಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಎಂಬತ್ತಾರರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವಳು ಬೂದೆಮ್ಮನ ಪಡಸಾಲೆಯಲ್ಲಿ ಕೂತು ಬೂದೆಮ್ಮನಿಗೇ ಬಳೆ ಇಡಿಸುತ್ತಿದ್ದಳು. ಐದನೆಯದೋ ಆರನೆಯದೋ ಗೆಣ್ಣಿನ ಮೇಲಿತ್ತು. ಬೂದೆಮ್ಮ ಎಲೆ ಅಡಿಕೆ ಮೆಲ್ಲುತ್ತ, "ಆ ದೊಡ್ಡ ಬ್ಯಾನಿಯವರ ಕೈ ತಿಕ್ಕಾಕ ಬರತಿದ್ದಳಲ್ಲ ಮಾನ್ವಿ ಬಾಯಿ, ಸತ್ತಳಂತ. ಕಾಮಾಲಿ ಅಂತ. ಹದಿನೈದು ದಿನ ಆತಂತ ನೋಡು" ಎಂದಳು.

"ಹೌದ್ರಿ?" ಎಂದಳು ರಂಜಾನಬಿ.

ಕಣ್ಣು ಮಂಜಾಗಲು ಬಿಡುವ ಹಾಗಿರಲಿಲ್ಲ. ಕಣ್ಣು ಹೋದರೆ ಅವಳಿಗೆ ಕೈಯೂ ಹೋದ ಹಾಗೆ. ರೆಪ್ಪೆ ಬಡಿಯದೆ ಆ ಬಳೆ ದಾಟಿಸಿದಳು, ಮುಂದಿನದನ್ನು ತೆಗೆದುಕೊಂಡಳು. ಡಜನ್ ತುಂಬಿತು, ಕೊಸರೂ ಆಯಿತು, ಒಂದೂ ಒಡೆಯಲಿಲ್ಲ. ಬೂದೆಮ್ಮ ನಮಸ್ಕರಿಸಿದಳು, ರಂಜಾನಬಿ ಹರಸಿದಳು. ಮನೆಗೆ ಬಂದು ಬುಟ್ಟಿ ಇಳಿಸಿ, ಬಿಸ್ಮಿಲ್ಲಾ ಬೀಯ ಎದುರು ನೆಲದ ಮೇಲೆ ಕೂತ ಮೇಲೆಯೇ ಅವಳ ಬಾಯಿಂದ ಸದ್ದು ಹೊರಟಿತು. ಮುದುಕಿ ಎದ್ದು ಮೊದಲು ಬಾಗಿಲು ಹಾಕಿದಳು.

ಮರುದಿನ ರಂಜಾನಬಿ ಮಾನ್ವಿಗೆ ಹೋದಳು. ಬಳೆಯ ಬುಟ್ಟಿ ಇಲ್ಲದೆ ಊರು ಬಿಟ್ಟರೆ ಕೇಳುವವರು ಇದ್ದರು, ಹಾಗಾಗಿ ಬುಟ್ಟಿ ಹೊತ್ತುಕೊಂಡೇ ಹೋದಳು. ಗುರುಶಾಂತಮ್ಮನ ತಾಯಿ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ತಲೆಯ ಮೇಲಿನ ಬುಟ್ಟಿ ನೋಡಿ, "ಈ ಮನ್ಯಾಗ ಬಳಿ ಇಡಸಗೊಳ್ಳೋರು ಯಾರೂ ಇಲ್ಲವಾ, ಮುಂದ ಹೋಗು" ಎಂದರು.

"ಅಕ್ಕೋರು ತೀರಿಕೊಂಡ ಸುದ್ದಿ ಕೇಳಿದ್ನಿರಿ. ನೋಡಿ ಹೋಗೂಣಂತ ಬಂದೆ."

"ನಿನಗ ಹೆಂಗ ಗೊತ್ತು ನನ್ನ ಮಗಳು?"

ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. ಕಟ್ಟೆಯ ಆಚೆ ಬದಿಗೆ ಪಕ್ಕದ ಮನೆಯವಳು ನೀರು ತರುತ್ತ ನಿಂತು ಕೇಳುತ್ತಿದ್ದಳು.

"ಬಳಿ ಮಾರಾಕಿರಿ" ಎಂದಳು ರಂಜಾನಬಿ. "ಊರೂರು ತಿರಗತೀನಲ್ಲ, ಹಂಗ ಗೊತ್ತು."

ತಾಯಿ ಅವಳನ್ನು ನೆರಳಿನಲ್ಲಿ ಕೂರಿಸಿದರು. ಮಗಳ ಮಾತಾಡಲು ಯಾರಾದರೂ ಸಿಕ್ಕರೆ ಸಾಕೆನ್ನುವ ಹಾಗಿದ್ದರು.

"ಒಂದು ದಿನ ಬಳಿ ಇಡಲಿಲ್ಲ ನನ್ನ ಕೂಸು. ಆದ್ರ ಒಂದು ವರ್ಷ ನೋಡು, ಅಕಿ ಆಗಿನ್ನ ರಾಯಚೂರಾಗ ಹೊಸದಾಗಿ ಕೆಲಸಕ್ಕ ಸೇರಿದ್ದಳು, ರಜಾಕ್ಕ ಬಂದಾಗೆಲ್ಲ ಮುಂಗೈ ತುಂಬ ಗೀರು. ಏನಬೇ ಇದು ಅಂದ್ರ, ಬೆಕ್ಕು ಪರಚೇದ ಅಂತಿದ್ದಳು. ಅಕಿ ಕ್ವಾಣ್ಯಾಗ ಬೆಕ್ಕೇ ಇರಲಿಲ್ಲ. ಯಾರರ ಹೊಡೀತಾರೇನೋ, ಯಾರಿಗರ ಸಿಕ್ಕಾಳೇನೋ ಅಂತ ಎಷ್ಟು ಕಾಳಜಿ ಮಾಡೀನಿ. ಸಾಯೂತನಕ ಹೇಳಲಿಲ್ಲ ನೋಡು."

ಆ ಗೀರುಗಳು ಯಾವುವು ಎಂದು ಭೂಮಿಯ ಮೇಲೆ ಬಲ್ಲವಳು ಈಗ ಒಬ್ಬಳೇ ಇದ್ದಳು. ತಾಯಿಯ ಹನ್ನೆರಡು ವರ್ಷದ ಸಂಶಯವನ್ನು ಒಂದೇ ಮಾತಿನಲ್ಲಿ ಇಳಿಸಬಹುದಿತ್ತು. ಆ ಮಾತನ್ನು ರಂಜಾನಬಿ ಆಡಲಿಲ್ಲ. ನೀರು ಕುಡಿದು, ಚೊಂಬು ಇಟ್ಟು, ಬುಟ್ಟಿ ಹೊತ್ತು ಬಸ್ಸಿಗೆ ಬಂದಳು. ದಾರಿಯಲ್ಲಿ ತನ್ನ ಬಗ್ಗೆ ಅವಳಿಗೆ ಹುಟ್ಟಿದ ಹೇಸಿಗೆ ದೊಡ್ಡ ಬೇನೆಯ ದಿನಗಳಲ್ಲೂ ಹುಟ್ಟಿರಲಿಲ್ಲ.

ಮುಂದಿನ ತಿಂಗಳ ಮೊದಲ ಗುರುವಾರ ಅವಳು ಬೇವಿನ ಮರದ ದಾರಿಯನ್ನೇ ಹಿಡಿದಳು. ಜೀಪು ಬಂದು ಹೋಗಿತ್ತು. ಗುಳಿಗೆ ಹಂಚಿದ್ದರು, ಕೈಕಾಲು ನೋಡುವವರ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಆದರೂ ಆರು ಮಂದಿ ಎದ್ದು ಹೋಗದೆ ಕೂತಿದ್ದರು. ಬೋಗುಣಿ ಮರದ ಬುಡದಲ್ಲಿ ಬೋರಲು ಬಿದ್ದಿತ್ತು. ಅರಕೇರಾದ ಕುರಿ ಕಾಯುವ ಸಾಬಣ್ಣ ತನ್ನ ಬಲಗೈಯನ್ನು ಚಿಂದಿಯಲ್ಲಿ ಸುತ್ತಿಕೊಂಡಿದ್ದ.

"ಏನಾಗೇದ ಕೈಗೆ?"

"ಏನಿಲ್ಲವ್ವ. ನೋವಿಲ್ಲ" ಎಂದ ಸಾಬಣ್ಣ. ಚಿಂದಿಯಲ್ಲಿ ಕೀವು ಒಸರುತ್ತಿತ್ತು.

ರಂಜಾನಬಿ ಬುಟ್ಟಿ ಇಳಿಸಿದಳು. ಹೋಟೆಲ್ಲಿನಿಂದ ನೀರು ಕೇಳಿ ತಂದಳು. ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಚಿಂದಿ ಬಿಚ್ಚಿ ನೀರಿಗಿಟ್ಟಳು. "ನೋವಿಲ್ಲ ಅಂತ ಬಿಟ್ಟಿಯಲ್ಲೋ ಯಪ್ಪಾ, ಅದಕ್ಕ ಹಿಂಗಾಗೇದ. ದಿನಾ ಸಂಜಿಗೆ ನೋಡ್ಕೋಬೇಕು. ರೊಟ್ಟಿ ತಿನ್ನೂಕಿಂತ ಮದ್ಲ ಕೈ ನೋಡ್ಕೋಬೇಕು. ನಾಳಿಗೇ ದವಾಖಾನಿಗೆ ಹೋಗಿ ಇದಕ್ಕ ಔಷಧ ಕಟ್ಟಿಸ್ಕೊ." ತನ್ನ ಬಾಯಿಂದ ಬರುತ್ತಿರುವ ಮಾತು ಯಾರದೆಂದು ಅವಳಿಗೆ ತಿಳಿಯುತ್ತಿತ್ತು. ಸಾಬಣ್ಣನಿಗೂ ತಿಳಿದಿರಬೇಕು, ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಬಸ್ಸಿನಿಂದಿಳಿದ ಬೂದೆಮ್ಮ ಚೀಲ ಹಿಡಿದು ಆ ದಾರಿಯಲ್ಲಿ ಬಂದಳು.

"ಅಯ್ಯ, ರಂಜಾನಬಿ! ಇಲ್ಲಿ ಯಾಕ ಕುಂತಿ? ಇವರು ಯಾರಂತ ಗೊತ್ತದ ಇಲ್ಲ ನಿನಗ?"

"ಗೊತ್ತದರಿ."

"ಗೊತ್ತಿದ್ದೂ ಮುಟ್ಟಾಕತ್ತೀಯಲ್ಲ! ಸಣ್ಣ ಮಗಳ ಕುಬುಸಕ್ಕ ನಾಳಿಗೆ ನಮ್ಮನಿಗೆ ಬರಾಕಿ ನೀ. ಬಸುರಿ ಕೈ ಹಿಡಿಯಾಕಿ. ತಲಿ ನೆಟ್ಟಗದ ಇಲ್ಲೋ?"

ಪುಣ್ಯದ ಕೆಲಸ ಅಂತ ಕೂತೆ ಎಂದರೆ ಮುಗಿಯುತ್ತಿತ್ತು. ಬೈದು ಹೋಗುತ್ತಿದ್ದಳು ಬೂದೆಮ್ಮ. ಸಾಬೂನು ಹಚ್ಚಿ ಕೈ ತೊಳೆದು ಬಾ ಎನ್ನುತ್ತಿದ್ದಳು, ಅಷ್ಟೆ. ಆ ಸುಳ್ಳು ಸಿದ್ಧವಾಗಿಯೇ ಇತ್ತು. ರಂಜಾನಬಿ ನೀರಿನಿಂದ ತನ್ನ ಬಲಗೈ ತೆಗೆದು ಸೆರಗಿಗೆ ಒರೆಸಿಕೊಂಡು ಅಂಗೈಯನ್ನು ಬೂದೆಮ್ಮನ ಕಡೆ ತೋರಿಸಿದಳು.

"ನಾನೂ ಇವರ ಪೈಕಿನರಿ ಬೂದೆಮ್ಮಾರ. ಗುಳಿಗಿ ತಿಂದು ಬ್ಯಾನಿ ಹೋಗಿ ಎಂಟು ವರ್ಷ ಆತು, ಯಾರಿಗೂ ಹತ್ತಂಗಿಲ್ಲ ಅಂತ ಡಾಕ್ಟರ್ ಬರದು ಕೊಟ್ಟಾರ. ಈ ಎರಡು ಬೆರಳಿಗೆ ಮಾತ್ರ ಇನ್ನೂ ಏನೂ ತಿಳಿಯಂಗಿಲ್ಲ. ಮಾನ್ವಿ ಗುರುಶಾಂತಮ್ಮ ಅಕ್ಕೋರು ತಮ್ಮ ಕೈ ಕೊಟ್ಟು, ಗೀರು ಬಡಿಸಿಕೊಂಡು, ಬಳಿ ಇಡಸೂದು ನನಗ ಎರಡನೇ ಸಲ ಕಲಿಸಿದ್ರು. ನಿಮ್ಮ ಮಕ್ಕಳಿಗೆ ನೋವಾಗಲಿಲ್ಲ ಅಂತೀರಲ್ಲ, ಅದು ಅವರ ಪುಣ್ಯಾರಿ. ಅವರು ತೀರಿಕೊಂಡ್ರು."

ಊರಿನ ಎದುರು ಆ ಮಾತನ್ನು ಅವಳು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಬಯಲಿನಲ್ಲಿ, ಬಾಗಿಲಿಲ್ಲದ ಕಡೆ, ಅವಳ ಕಣ್ಣು ತುಂಬಿ ಬಂತು. ಈ ಸಲ ತಡೆಯಲಿಲ್ಲ.

ಬೂದೆಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಹೋದ ತಿಂಗಳಷ್ಟೇ ಇಡಿಸಿದ ಬಳೆಗಳು. ಅವುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಮಕ್ಕಳ ಕೈ ಹಿಡದಿಯಲ್ಲಬೇ" ಎಂದಳು. ಸಿಟ್ಟಿನ ದನಿಯಲ್ಲ, ಹೆದರಿದವರ ದನಿ. "ಇಷ್ಟು ವರ್ಷ..."

ಬಿರಬಿರನೆ ಓಣಿಯ ಕಡೆ ಹೋದಳು. ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ ಎಂದು ರಂಜಾನಬಿಗೆ ಗೊತ್ತಿತ್ತು. ಮನೆಯಲ್ಲಿ ಬಿಸ್ಮಿಲ್ಲಾ ಬೀಯ ಎದುರು ಹೋಗಿ ನಿಲ್ಲುವುದು ಇನ್ನೂ ಬಾಕಿ ಇತ್ತು.

"ನಾಳಿನ ಕುಬುಸ ಹೋತು ನೋಡವ್ವ" ಎಂದ ಸಾಬಣ್ಣ ಮೆಲ್ಲಗೆ.

"ಹೋತು."

"ಸುಮ್ನ ಇರಬೇಕಿತ್ತಲ್ಲವ್ವ?"

"ಇದ್ದೆನಪ್ಪಾ, ಹನ್ನೆರಡು ವರ್ಷ" ಎಂದಳು ರಂಜಾನಬಿ. "ಎಡಗೈ ಕೊಡು."

ಅವನ ಹಿಂದೆ ಇನ್ನೂ ಐದು ಮಂದಿ ಕೂತಿದ್ದರು. ನೀರು ಕದಡಿಹೋಗಿತ್ತು, ಅವಳು ಎದ್ದು ಬೋಗುಣಿ ಚೆಲ್ಲಿ ಬೇರೆ ನೀರು ತರಲು ಹೋದಳು.